ಏನೂ ಆಗೂದಿಲ್ಲ ಬಿಡ್ರಿ
ಬೆನ್ನಿಗೆ ಎಂಜಿನ್ ಕಟ್ಟಿಕೊಂಡು ಹಾರಬಯಸುವವರಿಗೊಂದು ಕೈಪಿಡಿ (ಶಿರಗುಪ್ಪಿ ಆವೃತ್ತಿ)

ಗ್ರಾಹಕ ಮಹಾಶಯರೇ, ಪ್ಯಾರಾಮೋಟರ್ ಕೊಂಡದ್ದಕ್ಕೆ ಅಭಿನಂದನೆಗಳು. ನಿಮ್ಮ ಮನೆ ಪಡಸಾಲೆಗೆ ಬಂದಿಳಿದಿರುವುದು ಒಂದು ಬಟ್ಟೆಯ ರೆಕ್ಕೆ, ಒಂದಿಷ್ಟು ಪಟ್ಟಿ, ಒಂದು ಪಂಖ ಮತ್ತು ಒಂದು ಟೂ-ಸ್ಟ್ರೋಕ್ ಎಂಜಿನ್. ಇವುಗಳ ಜತೆ ಕಂಪನಿಯವರು ಕೊಟ್ಟ ಪುಸ್ತಕವೂ ಇದೆ. ಆದರೆ ಅದನ್ನು ಬರೆದವರು ಯುರೋಪಿನ ಹುಲ್ಲುಗಾವಲನ್ನು ಕಣ್ಣ ಮುಂದಿಟ್ಟುಕೊಂಡು ಬರೆದಿದ್ದಾರೆ. ಆಳೆತ್ತರ ಮೀರಿದ ಕಬ್ಬು, ಪಂಪ್‌ಸೆಟ್ಟಿನ ಕರೆಂಟ್ ತಂತಿ, ಕೃಷ್ಣಾ ನದಿ, ಸುತ್ತ ನೆರೆಯುವ ಊರಮಂದಿ, ಈ ನಾಲ್ಕರ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ಆ ಕೊರತೆ ತುಂಬಲು ಈ ಆವೃತ್ತಿ.

ಅನ್ವಯ: ಈ ಕೈಪಿಡಿ ಬೆಳಗಾವಿ ಜಿಲ್ಲೆ ಕಾಗವಾಡ ತಾಲೂಕಿನ ಶಿರಗುಪ್ಪಿಗೆ ಮಾತ್ರ. ಹುಬ್ಬಳ್ಳಿ ಕಡೆಯ ಶಿರಗುಪ್ಪಿಯವರೂ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದವರೂ ತಂತಮ್ಮ ಗಾಳಿ ನೋಡಿಕೊಂಡು ಓದಬೇಕು.

ಮೊದಲ ಎಚ್ಚರಿಕೆ: ನಿಮಗೆ ಟೂ-ಸ್ಟ್ರೋಕ್ ಎಂಜಿನ್ ಚೆನ್ನಾಗಿ ಗೊತ್ತು ಎಂಬುದೇ ನಿಮಗಿರುವ ಅತಿದೊಡ್ಡ ಅಪಾಯ. ನಮ್ಮ ಕಡೆಯವರು ಲೂನಾ ಓಡಿಸಿದವರು, ಆರ್‌ಎಕ್ಸ್ 100 ಬಿಚ್ಚಿ ಜೋಡಿಸಿದವರು, 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಕಳಿಸಿದ ಜಾವಾ, ಯೆಜ್ಡಿಗಳ ಸದ್ದನ್ನು ಎರಡು ಓಣಿ ಆಚೆಯಿಂದಲೇ ಗುರುತಿಸಿದವರು. ಔಷಧಿ ಹೊಡೆಯುವ ಪೆಟ್ರೋಲ್ ಪಂಪನ್ನು ದಿನವಿಡೀ ಹೊತ್ತವರಿಗೆ ಬೆನ್ನ ಮೇಲಿನ ಎಂಜಿನ್ನಿನ ನಡುಕವೂ ಹೊಸದಲ್ಲ. ಆದರೆ ಆ ಎಂಜಿನ್ನುಗಳೆಲ್ಲ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದವು. ಲೂನಾ ನಿಂತರೆ ಪೆಡಲ್ ಇತ್ತು. ಪಂಪು ನಿಂತರೆ ಬದುವಿನ ಮೇಲೆ ಇಳಿಸಿ ಎಲೆ ಅಡಿಕೆ ಹಾಕಿಕೊಳ್ಳಬಹುದಿತ್ತು. ನೂರು ಮೀಟರ್ ಮೇಲೆ ಬದು ಇಲ್ಲ. ಆದ್ದರಿಂದ ಎಂಜಿನ್ ಬಿಚ್ಚುವ ಮುನ್ನ ತಲೆಯೊಳಗಿಂದ ಒಂದು ವಾಕ್ಯವನ್ನು ಬಿಚ್ಚಿ ಪಕ್ಕಕ್ಕಿಡಿ: 'ಏನೂ ಆಗೂದಿಲ್ಲ ಬಿಡ್ರಿ.'

ಭಾಗ 1: ಪೆಟ್ಟಿಗೆಯಲ್ಲಿ ಏನೇನಿದೆ

ಎಂಜಿನ್: ಇಟಲಿಯ ವಿಟ್ಟೊರಾಜಿ, ಪೊಲಿನಿಯಂಥ ಕಂಪನಿಗಳದ್ದು ಹೆಚ್ಚು ಬಳಕೆಯಲ್ಲಿದೆ. 185 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್ ಸುಮಾರು 25 ಅಶ್ವಶಕ್ತಿ ಕೊಡುತ್ತದೆ. ಆರ್‌ಎಕ್ಸ್ 100 ಕೊಡುತ್ತಿದ್ದದ್ದು 11. ಅಂದರೆ ಎರಡು ಆರ್‌ಎಕ್ಸ್‌ಗಳ ತಾಕತ್ತು ನಿಮ್ಮ ಬೆನ್ನ ಮೇಲೆ, ಬ್ರೇಕ್ ಇಲ್ಲದೆ.

ಪಂಖ: ಮರದ್ದು ಅಥವಾ ಕಾರ್ಬನ್ನಿನದು, ಅಡ್ಡಳತೆ ಸುಮಾರು 130 ಸೆಂ.ಮೀ. ಪೂರ್ತಿ ರೇಸ್ ಕೊಟ್ಟಾಗ ನಿಮಿಷಕ್ಕೆ 3,000 ಸುತ್ತಿನ ಆಸುಪಾಸು. ಲೆಕ್ಕ ಹಾಕಿ ನೋಡಿ, ಅದರ ತುದಿ ಗಂಟೆಗೆ 700 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಓಡುವಾಗ ಅದು ಕಣ್ಣಿಗೆ ಕಾಣುವುದಿಲ್ಲ. ಮಕ್ಕಳು ಕೈ ಚಾಚುವುದು ಕಾಣದ ವಸ್ತುವಿನತ್ತಲೇ.

ಜಾಳಿಗೆ: ಪಂಖದ ಸುತ್ತಲಿನ ಬಲೆ. ಇದು ರೆಕ್ಕೆಯ ದಾರಗಳನ್ನು ಪಂಖದಿಂದ ದೂರ ಇಡುವುದಕ್ಕೆ ಇದೆ. ಕೈ ತಡೆಯುತ್ತದೆ ಎಂಬ ಭರವಸೆ ಬೇಡ.

ಥ್ರಾಟಲ್: ಅಂಗೈಯೊಳಗಿನ ಹಿಡಿ. ಇದರಲ್ಲೇ ಎಂಜಿನ್ ಬಂದ್ ಮಾಡುವ ಗುಂಡಿ ಇದೆ. ಚಾಲೂ ಮಾಡುವುದನ್ನು ಆಮೇಲೆ ಕಲಿಯಿರಿ, ಬಂದ್ ಮಾಡುವುದನ್ನು ಮೊದಲು.

ರಿಸರ್ವ್ ಪ್ಯಾರಾಚೂಟ್: ಇದಕ್ಕೆ ಬೇರೆ ದುಡ್ಡು ಕೊಡಬೇಕು. 'ಮುಂದಿನ ಬಿಲ್ ಬಂದ ಮ್ಯಾಲ ತರೂಣು' ಎಂದು ಮುಂದೂಡುವುದಾದರೆ ಹಾರುವುದನ್ನೂ ಕಬ್ಬಿನ ಬಿಲ್ ಬರುವವರೆಗೆ ಮುಂದೂಡಿ. ಬಿಲ್ ಎಂದು ಬರುತ್ತದೆಂದು ಈ ಕೈಪಿಡಿ ಹೇಳಲಾರದು.

ಭಾಗ 2: ಕೂಡಿಸುವುದು

ಎಲ್ಲ ಬೋಲ್ಟಿಗೂ ಕಂಪನಿಯವರು ಒಂದು ಬಿಗಿ ಹೇಳಿರುತ್ತಾರೆ. ಅದನ್ನು ಅಳೆಯುವುದಕ್ಕೆ ಟಾರ್ಕ್ ರೆಂಚ್ ಎಂಬ ಹತ್ಯಾರ ಬರುತ್ತದೆ. ಈ ಹಂತದಲ್ಲಿ ಕೆಳಗಿನ ಸಂಭಾಷಣೆ ನಡೆಯುವುದು ನಿಶ್ಚಿತ:

'ಕಾಕಾ, ಇದಕ್ಕ ಟಾರ್ಕ್ ರೆಂಚ್ ಬೇಕಂತ ಬರದಾರ್ರೀ.'

'ನಲವತ್ತ ವರ್ಷ ಆತೋ ತಮ್ಮಾ ಪಾನಾ ಹಿಡದು. ಕೈಗೇ ಗೊತ್ತಾಗತೈತಿ.'

ಕಾಕಾನ ಕೈಗೆ ಗೊತ್ತಿರುವುದು ಕಬ್ಬಿಣ. ಮರದ ಪಂಖವನ್ನು ಆ ಕೈಯಿಂದ ಬಿಗಿದರೆ ಮರದ ನಾರು ನಲುಗುತ್ತದೆ. ಸಡಿಲ ಬಿಟ್ಟರೆ ಬೋಲ್ಟಿನ ತೂತು ಅಗಲವಾಗಿ ಪಂಖ ಅಲುಗತೊಡಗುತ್ತದೆ. ಅದೂ ಅಲ್ಲದೆ ಮರ ಆಷಾಢದ ತಂಪಿಗೆ ಉಬ್ಬುತ್ತದೆ, ಚೈತ್ರದ ಬಿಸಿಲಿಗೆ ಸೊರಗುತ್ತದೆ. ಆಗಸ್ಟಿನಲ್ಲಿ ಸರಿಯಾಗಿ ಬಿಗಿದ ಪಂಖ ಏಪ್ರಿಲ್‌ನಲ್ಲಿ ಸರಿಯಾಗಿ ಇರಬೇಕೆಂದೇನಿಲ್ಲ. ಕಾಕಾನಿಗೆ ಚಹಾ ಕೊಡಿ, ಗೌರವ ಕೊಡಿ, ಟಾರ್ಕ್ ರೆಂಚನ್ನೂ ಕೈಗೆ ಕೊಡಿ. 'ಟಕ್' ಎಂಬ ಸದ್ದು ಒಮ್ಮೆ ಕೇಳಿದ ಮೇಲೆ ಆತನೇ ಅದನ್ನು ಬಿಡುವುದಿಲ್ಲ.

ಬಿಗಿದಾದ ಮೇಲೆ ನಟ್ಟಿನಿಂದ ಅದು ಕೂತ ಲೋಹದವರೆಗೆ ಅಡ್ಡಲಾಗಿ ಒಂದು ಬಣ್ಣದ ಗೆರೆ ಎಳೆಯಿರಿ. ವಿಮಾನದ ಮೆಕ್ಯಾನಿಕ್ಕುಗಳೂ ಇದನ್ನೇ ಮಾಡುತ್ತಾರೆ. ಗೆರೆ ಅಖಂಡವಾಗಿದ್ದರೆ ನಟ್ಟು ಕದಲಿಲ್ಲ. ಗೆರೆ ಎರಡಾಗಿ ಸರಿದಿದ್ದರೆ ಕದಲಿದೆ. ಬೇರೆ ಬಣ್ಣ ಸಿಗದಿದ್ದರೆ ಮನೆಯಾಕೆಯ ಉಗುರುಬಣ್ಣ ಸಾಕು. ಕೇಳಿ ತೆಗೆದುಕೊಳ್ಳಿ. ಕೇಳದೆ ತೆಗೆದುಕೊಂಡರೆ ಆಗುವ ಅನಾಹುತಕ್ಕೆ ಕಂಪನಿ ಹೊಣೆಯಲ್ಲ.

ಇನ್ನು ಸೈಲೆನ್ಸರ್. ಇದನ್ನು ಎಂಜಿನ್ನಿಗೆ ಹಿಡಿದಿಡುವುದು ಚಿಕ್ಕ ಸ್ಪ್ರಿಂಗುಗಳು. ಬೈಕಿನ ಸೈಲೆನ್ಸರಿನಿಂದ ಏನಾದರೂ ಕಳಚಿದರೆ ರಸ್ತೆಗೆ ಬೀಳುತ್ತದೆ, ಹಿಂದೆ ಬರುವವನು ಬೈಯುತ್ತಾನೆ, ಕಥೆ ಮುಗಿಯಿತು. ಇಲ್ಲಿ ಎಂಜಿನ್ನಿನ ಬೆನ್ನಿಗೇ ಪಂಖ ತಿರುಗುತ್ತಿದೆ. ಕಳಚಿದ ಒಂದು ಸ್ಪ್ರಿಂಗ್ ನೇರ ಅದಕ್ಕೇ ಬಡಿಯುತ್ತದೆ. ಪಂಖ ಒಡೆದರೆ ಅದರ ಚೂರು ಜಾಳಿಗೆ, ದಾರ, ಟ್ಯಾಂಕು ಯಾವುದನ್ನೂ ಹರಿಯಬಹುದು. ಅದಕ್ಕೇ ಪ್ರತಿ ಸ್ಪ್ರಿಂಗಿನ ಒಳಗೆ ಒಂದು ತಂತಿ ತೂರಿಸಿ ಎರಡೂ ಕಡೆ ಹೆಣೆದು ಕಟ್ಟಬೇಕು. ಸ್ಪ್ರಿಂಗ್ ಮುರಿದರೂ ತಂತಿಗೆ ಜೋತಾಡುತ್ತ ಇರುತ್ತದೆ.

ಎಂಜಿನ್ ಮತ್ತು ಚೌಕಟ್ಟಿನ ನಡುವೆ ಇರುವ ರಬ್ಬರ್ ಗುಂಡುಗಳನ್ನು ಬಾಗಿಸಿ ನೋಡಿ. ಸುಮ್ಮನೆ ನೋಡಿದರೆ ಕಾಣದ ಸೀಳು ಬಾಗಿಸಿದಾಗ ಬಾಯಿ ಬಿಡುತ್ತದೆ. ಸೀಳಿದ್ದರೆ ಹೊಸದು ಹಾಕಿ. ಸೈಕಲ್ ಟ್ಯೂಬು ಕತ್ತರಿಸಿ ಸುತ್ತುವುದು, ಎಂಸೀಲ್ ಮೆತ್ತುವುದು, ಪ್ಲಾಸ್ಟಿಕ್ ಪೈಪು ತುರುಕುವುದು, ಈ ಮೂರೂ ನಮ್ಮ ನಾಡಿನ ಶ್ರೇಷ್ಠ ವಿದ್ಯೆಗಳು. ನೆಲದ ಮೇಲೆ ಅವಕ್ಕೆ ಬೆಲೆ ಇದೆ.

ಸೂಚನೆ: ಎಲ್ಲ ಕೂಡಿಸಿದ ಮೇಲೆ ಎರಡು ಬೋಲ್ಟ್ ಉಳಿದರೆ 'ಹೆಚ್ಚಿಗಿ ಕೊಟ್ಟಾರ' ಎಂದು ಡಬ್ಬಿಗೆ ಹಾಕಬೇಡಿ. ಕಂಪನಿಯವರು ಅಷ್ಟು ಉದಾರಿಗಳಲ್ಲ.

ಭಾಗ 3: ಪೆಟ್ರೋಲ್, ಎಣ್ಣೆ ಮತ್ತು ನಿಮ್ಮದೇ ಕಬ್ಬು

ಈ ಟೂ-ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಬೇರೆ ಇಲ್ಲ, ಪೆಟ್ರೋಲಿನಲ್ಲೇ ಕಲೆಸಬೇಕು. ನಿಮ್ಮ ಎಂಜಿನ್ನಿಗೆ 50ಕ್ಕೆ 1 ಎಂದಿದ್ದರೆ 10 ಲೀಟರಿಗೆ 200 ಮಿ.ಲೀ., 40ಕ್ಕೆ 1 ಎಂದಿದ್ದರೆ 250 ಮಿ.ಲೀ. 'ಇನ್ನಷ್ಟ ಹಾಕ, ತಂಪ ಇರತೈತಿ' ಎಂಬ ಸಲಹೆಗೆ ತಲೆಯಾಡಿಸಿ, ಅಳತೆಯ ಗ್ಲಾಸಿನಲ್ಲಿ ಅಳೆದೇ ಹಾಕಿ.

ಈಗ ಈ ಆವೃತ್ತಿಯ ಮುಖ್ಯ ವಿಷಯ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಈಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಒಂದು ಟನ್ ಕಬ್ಬಿನ ರಸದಿಂದ ಸುಮಾರು 70 ಲೀಟರ್ ಎಥನಾಲ್ ಬರುತ್ತದೆ. ಆ ಲೆಕ್ಕಕ್ಕೆ 10 ಲೀಟರಿನ ನಿಮ್ಮ ಟ್ಯಾಂಕಿನಲ್ಲಿ ಸುಮಾರು 30 ಕಿಲೋ ಕಬ್ಬಿನ ಸಾರ ಇರಬಹುದು. ಪಕ್ಕದ ಉಗಾರದಲ್ಲಿ 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಇದೆ, ಕಾಗವಾಡದಲ್ಲಿ ನಮ್ಮೂರ ಹೆಸರೇ ಹೊತ್ತ ಶಿರಗುಪ್ಪಿ ಶುಗರ್ ವರ್ಕ್ಸ್ ಇದೆ. ನಿಮ್ಮ ಹೊಲದಿಂದ ಟ್ರ್ಯಾಕ್ಟರ್ ಏರಿ ಹೋದ ಕಬ್ಬು ಬಂಕಿನ ಪೈಪಿನಿಂದ ನಿಮ್ಮ ಬೆನ್ನೇರಿ ವಾಪಸು ಬರುತ್ತಿದೆ ಎಂದು ಹೆಮ್ಮೆಪಡಬಹುದು. ಹೆಮ್ಮೆಪಡುತ್ತಲೇ ಕೆಳಗಿನದನ್ನೂ ಓದಿ.

ಎಥನಾಲ್ ಗಾಳಿಯಲ್ಲಿನ ನೀರನ್ನು ಹೀರುತ್ತದೆ. ಮಳೆಗಾಲದಲ್ಲಿ ಕ್ಯಾನಿನ ಮುಚ್ಚಳ ಸಡಿಲಿದ್ದರೆ ಇನ್ನೂ ಬೇಗ. ನೀರು ಒಂದು ಮಿತಿ ದಾಟಿದಾಗ ಎಥನಾಲ್ ಮತ್ತು ನೀರು ಒಂದಾಗಿ ಪೆಟ್ರೋಲನ್ನು ಬಿಟ್ಟು ತಳಕ್ಕಿಳಿಯುತ್ತವೆ. ನೀವು ಅಳೆದು ಹಾಕಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಪೈಪು ಹೀರುವುದು ತಳದಿಂದ. ಹೀಗಾಗಿ ಎಂಜಿನ್ನಿಗೆ ಮೊದಲು ಹೋಗುವುದೇ ಎಣ್ಣೆಯಿಲ್ಲದ ನೀರು ಬೆರೆತ ಸಾರಾಯಿ. ಕುಡಿದವರು ತೂರಾಡುವುದು ಸಹಜ, ಎಂಜಿನ್ ಮಾತ್ರ ನೇರವಾಗಿ ಸೀಜ್ ಆಗುತ್ತದೆ. ಜತೆಗೆ ಕಾರ್ಬ್ಯುರೇಟರಿನೊಳಗಿನ ತೆಳುವಾದ ರಬ್ಬರ್ ಪೊರೆ ಎಥನಾಲಿಗೆ ಸಿಕ್ಕು ಸೆಟೆಯಬಹುದು.

ಆದ್ದರಿಂದ: ಬೇಕಾದಷ್ಟೇ ಕಲೆಸಿ. ಗಾಜಿನ ಬಾಟಲಿಯಲ್ಲಿ ಸ್ವಲ್ಪ ಹಿಡಿದು ಬಿಸಿಲಿಗೆ ನೋಡಿ; ತಳದಲ್ಲಿ ಬೇರೆ ಪದರ ಕಂಡರೆ ಸುರಿದುಬಿಡಿ. ಕಳೆದ ತಿಂಗಳದ್ದನ್ನು ಮೋಟರಿಗೆ ಹಾಕಬೇಡಿ. ಹಾರಿ ಮುಗಿದ ಮೇಲೆ ಟ್ಯಾಂಕು, ಕಾರ್ಬ್ಯುರೇಟರ್ ಖಾಲಿ ಮಾಡಿ ಇಡಿ. ಪೆಟ್ರೋಲನ್ನು ಸೋಸಿ ಹಾಕಿ. ಹಳೇ ಪಂಜೆಯಲ್ಲಿ ಸೋಸಬೇಡಿ, ಅದರ ಎಳೆಯೇ ಕಚರಾ.

ಭಾಗ 4: ಚಾಲೂ ಮಾಡುವುದು

ಈ ಕ್ರೀಡೆಯಲ್ಲಿ ಕೈ ಬೆರಳು ಹೋಗುವುದು ಬಹುತೇಕ ಆಕಾಶದಲ್ಲಲ್ಲ, ನೆಲದ ಮೇಲೆ, ಎಂಜಿನ್ ಚಾಲೂ ಮಾಡುವ ಹೊತ್ತಿನಲ್ಲಿ. ಪಂಪಿನ ರೂಢಿಯಂತೆ ಎಂಜಿನ್ನನ್ನು ನೆಲಕ್ಕಿಟ್ಟು ಮುಂದೆ ಬಗ್ಗಿ ಹಗ್ಗ ಜಗ್ಗಿದಿರಿ ಎನ್ನಿ. ಥ್ರಾಟಲ್ ಕೇಬಲ್ ಸಿಕ್ಕಿಕೊಂಡಿದ್ದರೆ ಎಂಜಿನ್ ಒಮ್ಮೆಲೇ ಪೂರ್ತಿ ರೇಸಿಗೆ ಹೋಗುತ್ತದೆ, 70 ಕಿಲೋದಷ್ಟು ತಳ್ಳುವ ಬಲದೊಂದಿಗೆ ನಿಮ್ಮ ಮೈಮೇಲೇ ಬರುತ್ತದೆ. ಬೀಳುವ ವಸ್ತುವನ್ನು ಹಿಡಿಯುವುದು ಕೈಯ ಸ್ವಭಾವ. ಕೈ ಹೋಗುವುದು ಜಾಳಿಗೆಯ ಸಂದಿಗೆ.

ಕ್ರಮ ಹೀಗಿರಲಿ. ಥ್ರಾಟಲ್ ಒತ್ತಿ ಬಿಟ್ಟು ಅದು ತಾನಾಗಿ ಮರಳುವುದನ್ನು ನೋಡಿ. ಬಂದ್ ಗುಂಡಿಯ ವೈರು ನೋಡಿ. ಎಂಜಿನ್ನನ್ನು ಬೆನ್ನಿಗೆ ಏರಿಸಿ ಪಟ್ಟಿ ಬಿಗಿದುಕೊಂಡು, ಥ್ರಾಟಲ್ ಕೈಯಲ್ಲಿ ಹಿಡಿದೇ ಚಾಲೂ ಮಾಡಿ. ತೊಡೆಯ ಪಟ್ಟಿ ಹಾಕಿದ್ದೀರಾ ಎಂದು ನೋಡಿ, ಮತ್ತೊಮ್ಮೆ ನೋಡಿ. ಅದನ್ನು ಮರೆತು ಮೇಲೇರಿದವನು ಕಂಕುಳಲ್ಲಿ ಜೋತು ಬೀಳುತ್ತಾನೆ.

ಪಂಖದ ನೇರಕ್ಕೂ ಹಿಂದಕ್ಕೂ ಯಾರೂ ನಿಲ್ಲಬಾರದು. ಇಂಗ್ಲಿಷ್ ಪುಸ್ತಕದಲ್ಲಿ 'ಕ್ಲಿಯರ್ ಪ್ರಾಪ್' ಎಂದು ಕೂಗಲು ಬರೆದಿದೆ. ಶಿರಗುಪ್ಪಿಯಲ್ಲಿ ಹಾಗೆ ಕೂಗಿದರೆ ಏನೆಂದು ಕೇಳಲು ಜನ ಹತ್ತಿರ ಬರುತ್ತಾರೆ. 'ಪಂಖಾ ತಿರಗತೈತಿ, ಹಿಂದ ಸರೀರಿ!' ಎಂದೇ ಕೂಗಿ. ಕಾಲಡಿಯ ಜಾಗ ಮೊದಲೇ ಗುಡಿಸಿರಬೇಕು. ಒಣ ರವದಿ, ಗುಟ್ಕಾ ಚೀಟಿ, ಹರಳು ಎಲ್ಲವನ್ನೂ ಪಂಖ ಎಳೆದುಕೊಳ್ಳುತ್ತದೆ.

ನೆರೆದವರು ಕೇಳುವ ಪ್ರಶ್ನೆಗಳು, ಉತ್ತರಗಳು:

'ಎವರೇಜ್ ಎಷ್ಟ ಕೊಡತೈತಿ?' ಇದನ್ನು ಕಿಲೋಮೀಟರಿನಲ್ಲಿ ಹೇಳಲು ಬರುವುದಿಲ್ಲ. ತಾಸಿಗೆ 3ರಿಂದ 5 ಲೀಟರ್.

'ಒಂದ ಸ್ವಲ್ಪ ರೇಸ್ ಮಾಡಿ ತೋರಸೋ ತಮ್ಮಾ.' ಇಲ್ಲ, ಮಾವಾ.

'ನಮ್ಮ ಹುಡುಗನ್ನ ಒಂದ ರೌಂಡ್ ಕುಂಡರಿಸಿಕೊಂಡ ಬಾ.' ಇಲ್ಲವೇ ಇಲ್ಲ, ಮಾವಾ.

ಭಾಗ 5: ಜಾಗ, ಹೊತ್ತು, ಗಾಳಿ

ಎಂಜಿನ್ ನಿಂತರೆ ನೀವು ಬೀಳುವುದಿಲ್ಲ, ಇಳಿಯುತ್ತೀರಿ. ರೆಕ್ಕೆ ತನ್ನ ಪಾಡಿಗೆ ತೇಲಿಸುತ್ತದೆ. ಗಾಳಿ ಶಾಂತವಾಗಿದ್ದರೆ ನೂರು ಮೀಟರ್ ಎತ್ತರದಿಂದ ಸುಮಾರು ಅರ್ಧ ಕಿಲೋಮೀಟರ್ ದೂರ ಕೈಯಲ್ಲಿದೆ. ಆ ಅರ್ಧ ಕಿಲೋಮೀಟರಿನಲ್ಲಿ ಏನಿದೆ ಎಂಬುದೇ ಪ್ರಶ್ನೆ. ದೀಪಾವಳಿಗೆ ಮುಂಚೆ ನಮ್ಮಲ್ಲಿ ಇರುವುದು ಹತ್ತಡಿ ಕಬ್ಬು, ಅದರ ಮೇಲೆ ಕಣ್ಣಿಗೆ ಕಾಣದ ತಂತಿ, ಅದರಾಚೆ ಹೊಳೆ. ಕಬ್ಬು ಕಡಿದ ಹೊಲ ಸಿಗುವುದು ಹಂಗಾಮು ಶುರುವಾದ ಮೇಲೆ; ಆಗ ರವದಿ ಸುಡುವ ಹೊಗೆ. ಎಲ್ಲಿ ಎಂಜಿನ್ ನಿಂತರೂ ಇಳಿಯಲು ಒಂದು ಬಯಲು ಕಾಣುತ್ತಿರಬೇಕು. ಕಾಣದ ಕಡೆ ಹೋಗಬೇಡಿ.

ಹೊಳೆಯ ಮೇಲೆ ಹಾರುವ ಆಸೆ ಎಲ್ಲರಿಗೂ ಇರುತ್ತದೆ. 25ರಿಂದ 30 ಕಿಲೋ ಎಂಜಿನ್ ಬೆನ್ನಿಗಿದ್ದವನು ನೀರಿಗೆ ಬಿದ್ದರೆ ಅದು ಅವನನ್ನು ಮುಖ ಕೆಳಗಾಗಿಸಿ ಒತ್ತುತ್ತದೆ, ರೆಕ್ಕೆಯ ದಾರ ಕೈಕಾಲು ಸುತ್ತುತ್ತದೆ. 2020ರ ಅಕ್ಟೋಬರ್ 2ರಂದು ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಇಬ್ಬರಿದ್ದ ಪ್ಯಾರಾಮೋಟರ್ ಸಮುದ್ರಕ್ಕೆ ಬಿದ್ದು ನೌಕಾಪಡೆಯ ಅಧಿಕಾರಿಯೊಬ್ಬರು ತೀರಿಕೊಂಡರು. ಜತೆಗಿದ್ದ ಬೋಧಕರು ಉಳಿದರು. ಸಮುದ್ರವನ್ನೇ ವೃತ್ತಿ ಮಾಡಿಕೊಂಡವರ ಜೀವವನ್ನು ನೀರು ಹೀಗೆ ತೆಗೆದುಕೊಂಡಿತು. ಈ ಪ್ಯಾರಾದಲ್ಲಿ ತಮಾಷೆ ಇಲ್ಲ.

ಹೊತ್ತು: ಮುಂಜಾನೆ ಬಿಸಿಲು ಏರುವ ಮುನ್ನ, ಇಲ್ಲವೇ ಸಂಜೆ. ಮಾರ್ಚ್ ನಂತರದ ನಡುಮಧ್ಯಾಹ್ನ ನಮ್ಮ ಕರಿಮಣ್ಣು ಕಾದು ಮೇಲೇಳುವ ಬಿಸಿಗಾಳಿ ರೆಕ್ಕೆಯನ್ನು ಮಡಚಬಲ್ಲದು.

ಅನುಮತಿ: ಆಕಾಶ ಯಾರಪ್ಪನದೂ ಅಲ್ಲ ಎಂಬ ವಾದ ನಡೆಯುವುದಿಲ್ಲ, ಅದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ್ದು. ಜಿಲ್ಲಾಡಳಿತಕ್ಕೆ, ಪೊಲೀಸರಿಗೆ ಕೇಳದೆ ಮೇಲೇರಬೇಡಿ. ಪಶ್ಚಿಮಕ್ಕೆ ಕೊಲ್ಲಾಪುರದ ವಿಮಾನ ನಿಲ್ದಾಣವಿದೆ. ಮಹಾರಾಷ್ಟ್ರದ ಗಡಿಯಂತೂ ಹತ್ತಿರದಲ್ಲೇ ಇದೆ. ಗಾಳಿ ತಳ್ಳಿಕೊಂಡು ಹೋಗಿ ಆ ಕಡೆ ಇಳಿದರೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿರುವ ಗಡಿ ದಾವೆಗೆ ನೀವೊಂದು ಹೊಸ ಕಡತ ಆಗಬಾರದು.

ಭಾಗ 6: ನಿರ್ವಹಣೆ

ಒಂದು ವಹಿ ಇಡಿ. ಹಾಲಿನ ಡೇರಿಯ ಲೆಕ್ಕ, ಕಬ್ಬಿನ ತೂಕದ ಸ್ಲಿಪ್ಪು ಜೋಪಾನ ಮಾಡುವ ಮನೆಯಲ್ಲಿ ಇದು ಕಷ್ಟವಲ್ಲ. ದಿನಾಂಕ, ಓಡಿದ ತಾಸು, ಹಾಕಿದ ಪೆಟ್ರೋಲ್, ಬದಲಿಸಿದ ಭಾಗ ಬರೆಯಿರಿ. 'ಮೊನ್ನೆ ಮೊನ್ನೆ ಪ್ಲಗ್ ಹಾಕೇನಿ' ಎಂಬ ಮೊನ್ನೆ ಕಳೆದ ಯುಗಾದಿಯೇ ಎಂಬುದು ವಹಿ ನೋಡಿದಾಗ ತಿಳಿಯುತ್ತದೆ.

ಪ್ರತಿ ಸಲ: ಪಂಖದ ಅಂಚು, ಬಣ್ಣದ ಗೆರೆಗಳು, ಸ್ಪ್ರಿಂಗ್ ತಂತಿ, ಪೆಟ್ರೋಲ್ ಪೈಪು, ರಬ್ಬರ್.

ಆಗಾಗ: ಪ್ಲಗ್ ಬಿಚ್ಚಿ ಓದಿ. ತುದಿ ತಿಳಿಕಂದು ಬಣ್ಣ ಇದ್ದರೆ ಎಂಜಿನ್ ಆರೋಗ್ಯವಾಗಿದೆ. ಕಪ್ಪಾಗಿ ಜಿಡ್ಡುಗಟ್ಟಿದ್ದರೆ ಪೆಟ್ರೋಲ್ ಅಥವಾ ಎಣ್ಣೆ ಹೆಚ್ಚಾಗಿದೆ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಸಾಲದೆ ಕಾಯುತ್ತಿದೆ; ಅಂಥ ಎಂಜಿನ್ ಇನ್ನೂ ಜೋರಾಗಿ ಓಡುತ್ತಿದೆ ಎನ್ನಿಸುತ್ತದೆ, ಆಮೇಲೆ ಪಿಸ್ಟನ್ ಕರಗುತ್ತದೆ. ಡಿಸೆಂಬರಿನ ಚಳಿಗೆ ಗಾಳಿ ದಟ್ಟವಾಗುವುದರಿಂದ ಬೇಸಿಗೆಯ ಸೆಟ್ಟಿಂಗ್ ಚಳಿಗಾಲಕ್ಕೆ ಸಾಲದೆ ಬರಬಹುದು.

ಕಂಪನಿ ಹೇಳಿದ ತಾಸಿಗೆ: ಪಿಸ್ಟನ್ ಮೇಲಿನ ಮಸಿ ತೆಗೆಯುವುದು, ರಿಂಗ್, ಕಾರ್ಬ್ಯುರೇಟರಿನ ಪೊರೆ, ಬೆಲ್ಟು ಬದಲಿಸುವುದು.

'ಓಡಲಾಕತ್ತೈತಲ್ಲ, ಯಾಕ ಬಿಚ್ಚತಿ?' ಎಂದು ಮನೆಯ ಹಿರಿಯರು ಕೇಳುತ್ತಾರೆ. ಅವರನ್ನು ಉಗಾರದ ಕಡೆ ಕೈ ತೋರಿಸಿ ಕೇಳಿ: ನುರಿಸುವ ಹಂಗಾಮು ಮುಗಿದ ಮೇಲೆ ಸಕ್ಕರೆ ಕಾರ್ಖಾನೆಯವರು ಏನು ಮಾಡುತ್ತಾರೆ? ಚೆನ್ನಾಗಿ ಓಡುತ್ತಿದ್ದ ಗಾಣದ ರೋಲರನ್ನೇ ಬಿಚ್ಚುತ್ತಾರೆ, ಬೇರಿಂಗ್ ತೆಗೆದು ನೋಡುತ್ತಾರೆ, ಬಾಯ್ಲರಿನ ಕೊಳವೆ ಒಂದೊಂದನ್ನೂ ತಪಾಸಿಸುತ್ತಾರೆ. ಇಡೀ ಮಳೆಗಾಲ ಅದೇ ಕೆಲಸ. ಕೆಟ್ಟ ಮೇಲೆ ರಿಪೇರಿ ಮಾಡುವ ಊರುಗಳ ನಡುವೆಯೇ ಕೆಡುವ ಮೊದಲೇ ಬಿಚ್ಚುವ ಶಿಸ್ತೂ ತಲೆಮಾರುಗಳಿಂದ ಇದೆ. ನಮ್ಮ ಮನೆಗಳ ಫಿಟ್ಟರುಗಳೇ ಅದನ್ನು ಮಾಡಿದ್ದಾರೆ. ಆ ಶಿಸ್ತನ್ನು ಕಾರ್ಖಾನೆಯ ಗೇಟಿನಲ್ಲಿ ಬಿಟ್ಟು ಮನೆಗೆ ಬರುವುದೇ ನಮ್ಮ ರೋಗ.

2016ರಲ್ಲಿ ಭಾರತೀಯ ವಾಯುಪಡೆಯ ತಂಡವೊಂದು ಪಶ್ಚಿಮ ಬಂಗಾಳದ ಕಲೈಕುಂಡದಿಂದ ಹೊರಟು ಪ್ಯಾರಾಮೋಟರಿನಲ್ಲೇ ದೇಶವನ್ನು ಸುತ್ತಿ ಬಂತು, ಸುಮಾರು 10,000 ಕಿ.ಮೀ. ಧೈರ್ಯ ಅವರಿಗೆ ಇದ್ದೇ ಇತ್ತು. ಅಷ್ಟು ದೂರ ಎಂಜಿನ್ನನ್ನು ಒಯ್ಯುವುದು ಮಾತ್ರ ಧೈರ್ಯವಲ್ಲ, ದಿನದಿನದ ಪಾನಾ ಕೆಲಸ.

ಮಹಾಪೂರ: ಮಳೆಗಾಲಕ್ಕೆ ಮುನ್ನ ಎಂಜಿನ್ನನ್ನು ಅಟ್ಟಕ್ಕೇರಿಸಿ. 2005, 2019, 2021 ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ನೀರಿನಲ್ಲಿ ಮುಳುಗಿದ ಎಂಜಿನ್ನಿನ ಹಗ್ಗ ಜಗ್ಗಬೇಡಿ. ಪೂರ್ತಿ ಬಿಚ್ಚಿ ಒಣಗಿಸಿ.

ಭಾಗ 7: ತೊಂದರೆ ಮತ್ತು ಪರಿಹಾರ

ಚಾಲೂ ಆಗುತ್ತಿಲ್ಲ: ಪೆಟ್ರೋಲ್, ಪ್ಲಗ್, ಬಂದ್ ಗುಂಡಿ, ಈ ಕ್ರಮದಲ್ಲಿ ನೋಡಿ. ಪೂಜೆ ಮಾಡಿಸಿದ್ದೀರಾ ಎಂಬ ಪ್ರಶ್ನೆಗೆ ಮಾಡಿಸಿದ್ದೇನೆ ಎನ್ನಿ. ಪಂಖಕ್ಕೆ ಕಟ್ಟಿದ ನಿಂಬೆಹಣ್ಣು ಮತ್ತು ಹಾರವನ್ನು ಬಿಚ್ಚಿ.

ನಡುಕ ಹೆಚ್ಚಾಗಿದೆ: ಪಂಖದಲ್ಲಿ ಸೀಳು ಅಥವಾ ರಬ್ಬರ್ ಸೀಳು. ಹಾರಬೇಡಿ.

ಸದ್ದು ಬದಲಾಗಿದೆ: ಹಾರಬೇಡಿ.

ಗಾಳಿ ಹೆಚ್ಚಿದೆ, ಆದರೆ ಬೀಗರು ನೋಡಲು ಬಂದಿದ್ದಾರೆ: ಹಾರಬೇಡಿ. ಬೀಗರಿಗೆ ಊಟ ಹಾಕಿ ಕಳಿಸಿ.

ಎಲ್ಲವೂ ಸರಿ ಇದೆ, ಮನಸ್ಸೇ ಅಳುಕುತ್ತಿದೆ: ಹಾರಬೇಡಿ.

ಭಾಗ 8: ವಾರಂಟಿ

'ಏನೂ ಆಗೂದಿಲ್ಲ' ಎಂಬ ಮಾತನ್ನು ಎಂಜಿನ್ನಿನ ಹತ್ತಿರ ಯಾರಾದರೂ ಆಡಿದ ಕ್ಷಣದಿಂದ ವಾರಂಟಿ ರದ್ದು. ಈ ಕೈಪಿಡಿ ಓದಿ ಹಾರಲು ಕಲಿತೆ ಎನ್ನುವವರಿಗೂ ವಾರಂಟಿ ಇಲ್ಲ. ಓದಿ ಕಲಿಯುವ ವಿದ್ಯೆ ಇದಲ್ಲ. ಅನುಭವಿ ಬೋಧಕರಲ್ಲಿ ತರಬೇತಿ ಪಡೆಯಿರಿ, ಅನುಮತಿ ತನ್ನಿ, ರಿಸರ್ವ್ ಪ್ಯಾರಾಚೂಟ್ ಕೊಳ್ಳಿ, ವಹಿ ಬರೆಯಿರಿ. ಈ ನಾಲ್ಕಕ್ಕೂ ದುಡ್ಡು, ತಾಳ್ಮೆ ಸಾಲದಿದ್ದರೆ ಎಂಜಿನ್ನನ್ನು ಮಾರಿಬಿಡಿ. ಮಾರುವಾಗ ಕೊಳ್ಳುವವರಿಗೆ ವಹಿಯನ್ನೂ ಕೊಡಿ.